ಆಣೆ, ಕತ್ತಿ, ತಕ್ಕಡಿ

ನಮ್ಮ ಬಳಗದ ಗೆಳೆಯನೊಬ್ಬ ಜಪಾನಿಗೆ ಹೊರಟಿದ್ದಾನೆ. ಕೆಲಸ ಓಸಾಕ ನಗರದ ಕಡೆ. ರಜೆ ಸಿಕ್ಕರೆ ಕೊರಿಯಾಕ್ಕೂ ಹೋಗಿಬರುವ ಆಸೆ. ಅವನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲು, ವಿಮಾನ ಹತ್ತುವವನೂ ಅವನೇ ಮೊದಲು. ಹೋಗುವ ಮುಂಚೆ ಆ ದೇಶಗಳ ಚರಿತ್ರೆ ಒಂದಿಷ್ಟು ತಿಳಿದುಕೊಳ್ಳಬೇಕು, ದಪ್ಪ ಪುಸ್ತಕ ಓದಲು ಪುರುಸೊತ್ತಿಲ್ಲ, ಯಾವ ಸಿನಿಮಾ ನೋಡಲಿ ಅಂತ ಜೊತೆಯ ನೌಕರರನ್ನು ಕೇಳಿದ. ಪಟ್ಟಿ ಬಂತು. ಸಮುರಾಯ್‌ಗಳು, ಶೋಗನ್‌ಗಳು, ಅರಮನೆ, ರಾಣಿವಾಸ, ರಾಜನಿಗೆ ಮದ್ದು ಕೊಟ್ಟ ವೈದ್ಯೆ. ಆ ಪಟ್ಟಿಯನ್ನು ನಮ್ಮ ಮುಂದಿಟ್ಟು ಅವನು ಕೇಳಿದ್ದು ಒಂದೇ ಮಾತು: 'ಇಷ್ಟೊಂದು ಅರಮನೆ ಅವಲ್ಲ, ಈ ದೇಶದಲ್ಲಿ ಸತ್ತ ದನ ಎತ್ತೋರು ಯಾರ್ಲಾ?'

ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ಸಿನಿಮಾ ನೋಡಿ ಚರಿತ್ರೆ ಕಲಿಯುವುದು ತಪ್ಪು ಅಂತ ನಾವು ಹೇಳುವುದಿಲ್ಲ. ನಮ್ಮ ಅಪ್ಪ ಅವ್ವಂದಿರು ಅಕ್ಷರ ಬಾರದವರು. ರಾಜರ ಕತೆ, ದೇವರ ಕತೆ ಎಲ್ಲವನ್ನೂ ಅವರು ಬಯಲಾಟದಲ್ಲಿ, ಟೆಂಟು ಸಿನಿಮಾದಲ್ಲಿ ಕಲಿತರು. ಅಟ್ಟದ ಮೇಲೆ ರಾಜ ಕುಣಿದ, ತಮಟೆ ಬಡಿದವನು ಕೆಳಗೆ ನಿಂತ. ಕತೆಯಲ್ಲಿ ತನ್ನ ಪಾತ್ರ ಯಾಕಿಲ್ಲ ಅಂತ ಅವನು ಕೇಳಲಿಲ್ಲ. ಓದು ಕಲಿತ ನಾವು ಕೇಳಬೇಕು. ನಮ್ಮೂರಿನ ಕತೆಗೆ ಕೇಳುವ ಪ್ರಶ್ನೆಯನ್ನೇ ಪರದೇಶದ ಕತೆಗೂ ಕೇಳಬೇಕು.

ಮೊದಲು ಪಟ್ಟಿಯ ದೊಡ್ಡ ಹೆಸರು. ಅಕಿರಾ ಕುರೊಸಾವನ 'ಏಳು ಸಮುರಾಯ್‌ಗಳು' 1954ರ ಚಿತ್ರ. ದರೋಡೆಕೋರರ ಕಾಟಕ್ಕೆ ಸಿಕ್ಕ ಹಳ್ಳಿಯೊಂದು ಹೊಟ್ಟೆಗೆ ಅನ್ನ ಹಾಕುತ್ತೇವೆ ಅಂತ ಹೇಳಿ ಕತ್ತಿಯ ಜನರನ್ನು ಕರೆತರುತ್ತದೆ. ಅವರಲ್ಲಿ ಕಿಕುಚಿಯೊ ಎಂಬವನೊಬ್ಬನಿದ್ದಾನೆ. ರೈತನ ಮಗ, ಆದರೆ ಸುಳ್ಳು ವಂಶಾವಳಿ ಹಿಡಿದು ಸಮುರಾಯ್ ಅಂತ ಹೇಳಿಕೊಂಡು ತಿರುಗುವವನು. ರೈತರು ಕಳ್ಳರು, ಸುಳ್ಳರು, ಹೇಡಿಗಳು ಎಂದು ಅವನೇ ಕೂಗುತ್ತಾನೆ. ಮರುಗಳಿಗೆಯಲ್ಲೇ ಅವರನ್ನು ಹೀಗೆ ಮಾಡಿದವರು ಯಾರು, ನೀವೇ ತಾನೆ ಎಂದು ಸಮುರಾಯ್‌ಗಳ ಮುಖಕ್ಕೆ ಹಿಡಿಯುತ್ತಾನೆ. ಈ ಒಂದು ದೃಶ್ಯಕ್ಕಾಗಿ ಕುರೊಸಾವನಿಗೆ ನಾವು ಕೈ ಮುಗಿಯುತ್ತೇವೆ. ಪಾಳೆಗಾರಿಕೆಯ ಬಗ್ಗೆ ನೂರು ಪುಟ ಹೇಳುವುದನ್ನು ಅವನು ಎರಡು ನಿಮಿಷದಲ್ಲಿ ಹೇಳಿದ. ಈ ಕತೆ ನಡೆಯುವ ಕಾಲದಲ್ಲೇ, 1588ರಲ್ಲಿ, ಹಿದೆಯೋಶಿ ಎಂಬ ದೊರೆ ರೈತರ ಕೈಯಲ್ಲಿದ್ದ ಕತ್ತಿಗಳನ್ನೆಲ್ಲ ಕಿತ್ತುಕೊಂಡ. ಕತ್ತಿ ಹಿಡಿಯುವವನು ಬೇರೆ, ನೇಗಿಲು ಹಿಡಿಯುವವನು ಬೇರೆ ಎಂದು ಗೆರೆ ಬಿತ್ತು.

ಆದರೆ ಆ ಚಿತ್ರದ ಹೆಸರುಗಳು ಮೂಡುವಾಗಲೇ ಡೋಲು ಕೇಳುತ್ತದೆ. ಆ ದೇಶದಲ್ಲಿ ಡೋಲಿಗೆ ಚರ್ಮ ಬಿಗಿದವರು ಯಾರು? ಕವಚಕ್ಕೆ, ಕುದುರೆಯ ಜೀನಿಗೆ ಚರ್ಮ ಹದ ಮಾಡಿದವರು ಯಾರು? ಅವರಿಗೂ ಕೇರಿ ಇತ್ತು. ದೊರೆಗಳು ಅವರನ್ನು ಕೋಟೆಯ ಊರುಗಳ ಅಂಚಿಗೆ ತಂದು ಕೂರಿಸಿಕೊಂಡರು. 1603ರಿಂದ 1868ರವರೆಗೆ ಆಳಿದ ತೊಕುಗಾವ ಮನೆತನ ಅವರನ್ನು ರೈತರಿಗಿಂತ, ಕುಶಲಕರ್ಮಿಗಳಿಗಿಂತ, ವ್ಯಾಪಾರಿಗಳಿಗಿಂತ ಕೆಳಗೆ, ಲೆಕ್ಕದಿಂದಲೇ ಆಚೆ ಇಟ್ಟಿತು. ಸತ್ತ ದನ ಎತ್ತುವುದು, ಚರ್ಮ ಸುಲಿಯುವುದು, ಮರಣದಂಡನೆಯ ಜಾಗದಲ್ಲಿ ಊಳಿಗ ಮಾಡುವುದು ಅವರ ಪಾಲು. ಅವರಿಗೆ ಇಟ್ಟ ಹೆಸರು 'ಎತ'. ಆ ಅಕ್ಷರಗಳ ಅರ್ಥ ತುಂಬಾ ಹೊಲಸು ಎಂದು. ನಮ್ಮ ಕನ್ನಡದ 'ಹೊಲೆ' ಎಂಬ ಮಾತಿಗೂ ಮೈಲಿಗೆ ಎಂದೇ ಅರ್ಥವಲ್ಲವೆ? ಸಮುದ್ರದಾಚೆಯ ಎರಡು ದೇಶ, ಎರಡು ಭಾಷೆ. ಬೈಗುಳದ ಬೇರು ಮಾತ್ರ ಒಂದೇ. ಆ ಪದವನ್ನು ಅಲ್ಲಿ ಈಗ ಯಾರೂ ಬಳಸಬಾರದು. ಅವರ ವಾಸದ ಜಾಗಕ್ಕೆ ಬುರಾಕು ಅನ್ನುತ್ತಾರೆ, ಅಂದರೆ ಬರೀ ಹಟ್ಟಿ ಅಂತ.

1871ರಲ್ಲಿ ಜಪಾನಿನ ಹೊಸ ಸರ್ಕಾರ ಆಜ್ಞೆ ಹೊರಡಿಸಿ ಆ ಹೆಸರನ್ನು ರದ್ದು ಮಾಡಿತು. ಕಾಗದದಲ್ಲಿ ಸಮಾನತೆ ಬಂತು. ಅದೇ ವರ್ಷ ಸತ್ತ ದನದ ಮೇಲೆ ಅವರಿಗಿದ್ದ ಹಕ್ಕನ್ನೂ ತೆಗೆದುಹಾಕಿತು. ಹೊಟ್ಟೆಯ ಕಸುಬು ಹೋಯಿತು, ನೆಲ ಸಿಗಲಿಲ್ಲ. ಮಾರನೆಯ ವರ್ಷದ ಜನನೋಂದಣಿಯಲ್ಲಿ ಎಷ್ಟೋ ಕಡೆ ಅವರ ಹೆಸರಿನ ಪಕ್ಕದಲ್ಲಿ 'ಹೊಸ ಪ್ರಜೆ' ಅಂತ ಬರೆದರು. ಹಳೆಯ ಮೈಲಿಗೆಗೆ ಹೊಸ ಹಣೆಪಟ್ಟಿ. 1873ರಲ್ಲಿ ಮಿಮಾಸಕ ಸೀಮೆಯಲ್ಲಿ ದಂಗೆ ಎದ್ದ ರೈತರು ಈ ಹೊಸ ಪ್ರಜೆಗಳ ಮನೆಗಳಿಗೆ ಬೆಂಕಿ ಇಟ್ಟು ಜನರನ್ನು ಕೊಂದರು. ಇಷ್ಟು ದಿನ ತಲೆ ತಗ್ಗಿಸಿದವರು ಈಗ ತಲೆ ಎತ್ತಿದರು ಅನ್ನುವುದೇ ಅವರ ಸಿಟ್ಟು. ಸಮುರಾಯ್ ಚಿತ್ರದ ರೈತನನ್ನು ನೋಡಿ ಕಣ್ಣೀರು ಹಾಕುವ ನಾವು ಈ ರೈತನನ್ನೂ ನೋಡಬೇಕು. ಶೋಷಿತನಾದವನೆಲ್ಲ ನಮ್ಮವನಾಗಿಬಿಡುವುದಿಲ್ಲ.

ಈ ಜನರ ಕತೆ ಹೇಳುವ ಚಿತ್ರಗಳು ಇವೆ. ಪಟ್ಟಿ ಮಾಡಿಕೊಟ್ಟವರ ಪಟ್ಟಿಯಲ್ಲಿ ಮಾತ್ರ ಅವು ಇರಲಿಲ್ಲ. 1906ರಲ್ಲಿ ಶಿಮಜಾಕಿ ತೋಸೊನ್ 'ಹಕಾಯ್' ಎಂಬ ಕಾದಂಬರಿ ಬರೆದ. ಆಣೆ ಮುರಿಯುವುದು ಎಂದು ಅದರ ಅರ್ಥ. 1948ರಲ್ಲಿ ಕಿನೋಶಿತ, 1962ರಲ್ಲಿ ಕೋನ್ ಇಚಿಕಾವ ಅದನ್ನು ಸಿನಿಮಾ ಮಾಡಿದರು; 2022ರಲ್ಲಿ ಮತ್ತೊಮ್ಮೆ ಬಂತು. ಉಶಿಮಾತ್ಸು ಹಳ್ಳಿಗಾಡಿನ ಶಾಲೆಯ ಮೇಷ್ಟ್ರು. ಅವನ ಅಪ್ಪ ಬೆಟ್ಟದಲ್ಲಿ ದನ ಕಾಯುವವನು, ಬುರಾಕುವಿನವನು. ಅಪ್ಪ ಮಗನಿಂದ ಆಣೆ ಹಾಕಿಸಿಕೊಂಡಿದ್ದಾನೆ: ಏನೇ ಆಗಲಿ, ಯಾರೇ ಕೇಳಲಿ, ನಿನ್ನ ಹುಟ್ಟನ್ನು ಹೇಳಬೇಡ. ಅದೇ ಜನದ ಇನೊಕೊ ರೆಂತಾರೊ ಎಂಬ ಚಿಂತಕ ತನ್ನ ಹುಟ್ಟನ್ನು ಬಹಿರಂಗವಾಗಿ ಹೇಳಿಕೊಂಡು ಬರೆಯುತ್ತಾನೆ, ಮಾತಾಡುತ್ತಾನೆ. ಉಶಿಮಾತ್ಸು ಅವನ ಪುಸ್ತಕಗಳನ್ನು ಕದ್ದುಮುಚ್ಚಿ ಓದುತ್ತಾನೆ. ಕೊನೆಗೆ ಇನೊಕೊ ಕೊಲೆಯಾದ ಮೇಲೆ ಮೇಷ್ಟ್ರು ಆಣೆ ಮುರಿಯುತ್ತಾನೆ.

ಅದನ್ನು ನೋಡುವಾಗ ನಮ್ಮಲ್ಲಿ ಯಾರೂ ಉಸಿರೆತ್ತಲಿಲ್ಲ. ಯಾಕಂದ್ರೆ ಆ ಅಪ್ಪ ನಮ್ಮ ಅಪ್ಪನೇ. ಪಟ್ಟಣಕ್ಕೆ ಓದಲು ಹೊರಟಾಗ ಬಸ್ಸಿನ ಕಿಟಕಿಯ ಹತ್ತಿರ ನಿಂತು, 'ಅಲ್ಲಿ ಯಾರ್ ಕೇಳಿದ್ರೂ ಎಲ್ಲಾ ಹೇಳ್ಕೊಬ್ಯಾಡ ಮಗ' ಅಂದವನು. ನಮ್ಮ ಈ ಗೆಳೆಯನೇ ನಗರದಲ್ಲಿ ರೂಮು ಹುಡುಕುವಾಗ ನಾಲ್ಕು ಮನೆ ತಪ್ಪಿಹೋದ ಮೇಲೆ ಐದನೆಯ ಮನೆಯಲ್ಲಿ ಬೇರೆ ಜಾತಿಯ ಹೆಸರು ಹೇಳಿ ಎರಡು ವರ್ಷ ಇದ್ದವನು. ಊರಿಂದ ಅವ್ವ ಬರುತ್ತೇನೆ ಅಂದಾಗ, ಅವಳ ಮಾತಲ್ಲಿ ಗುಟ್ಟು ರಟ್ಟಾದೀತು ಅಂತ ಬೇಡ ಅಂದವನು. ಆಣೆಯ ಬೆಲೆ ಏನು ಅಂತ ನಮಗೆ ತೋಸೊನ್ ಹೇಳಬೇಕಾಗಿಲ್ಲ.

ಅದಕ್ಕೇ ತೋಸೊನ್‌ನೊಂದಿಗೆ ನಮ್ಮ ಜಗಳವೂ ಇದೆ. ಅವನ ಕಾದಂಬರಿಯ ಮೇಷ್ಟ್ರು ಮಕ್ಕಳ ಮುಂದೆ ಮೊಣಕಾಲೂರಿ, ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಕ್ಷಮೆ ಕೇಳುತ್ತಾನೆ. ಆಮೇಲೆ ದೇಶ ಬಿಟ್ಟು ಅಮೆರಿಕದ ಟೆಕ್ಸಾಸಿಗೆ ಹೋಗಲು ಹೊರಡುತ್ತಾನೆ. ನಾವು ಕೇಳುತ್ತೇವೆ: ಕ್ಷಮೆ ಯಾಕೆ? ಯಾವ ತಪ್ಪಿಗೆ? ಹುಟ್ಟಿದ್ದಕ್ಕೋ, ಬದುಕಲು ಸುಳ್ಳು ಹೇಳಿದ್ದಕ್ಕೋ? ಕ್ಷಮೆ ಕೇಳಬೇಕಾದವರು ಸುಳ್ಳು ಹೇಳಿಸಿದವರು. ಮೇಲ್ಜಾತಿಯ ಸಹಾನುಭೂತಿಯ ಲೇಖಕ ದಲಿತನನ್ನು ಒಂದೋ ಅಳಿಸುತ್ತಾನೆ, ಇಲ್ಲವೇ ಊರು ಬಿಡಿಸುತ್ತಾನೆ. ಇದು ನಮ್ಮಲ್ಲೂ ಉಂಟು, ಅಲ್ಲಿಯೂ ಉಂಟು.

ಇನ್ನೊಂದು ಚಿತ್ರ 'ಒಕುರಿಬಿತೊ', 2008ರದು. ಮಾರನೆಯ ವರ್ಷ ಅದಕ್ಕೆ ಆಸ್ಕರ್ ಸಿಕ್ಕಿತು. ಕೆಲಸ ಕಳೆದುಕೊಂಡ ಸಂಗೀತಗಾರನೊಬ್ಬ ಊರಿಗೆ ಬಂದು ಹೆಣ ತೊಳೆದು ಸಿಂಗರಿಸಿ ಪೆಟ್ಟಿಗೆಗೆ ಇಡುವ ಕೆಲಸಕ್ಕೆ ಸೇರುತ್ತಾನೆ. ಗೊತ್ತಾದಾಗ ಹೆಂಡತಿ, ನೀನು ಹೊಲಸು, ಮುಟ್ಟಬೇಡ ಅನ್ನುತ್ತಾಳೆ. ಚಿತ್ರ ಚೆನ್ನಾಗಿದೆ, ಮನಸ್ಸು ಕರಗುತ್ತದೆ. ಆದರೆ ಸಾವು ಮುಟ್ಟಿದವನು ಹೊಲಸು ಎಂಬ ಆ ಭಾವನೆ ಒಂದು ಇಡೀ ಜನಾಂಗವನ್ನು ತಲೆತಲಾಂತರ ಊರಾಚೆ ಇಟ್ಟಿತ್ತು ಎಂಬ ಬಗ್ಗೆ ಚಿತ್ರದಲ್ಲಿ ಒಂದು ಮಾತಿಲ್ಲ. ಆ ಸಂಗೀತಗಾರ ಕೆಲಸ ಬಿಟ್ಟರೆ ಶುದ್ಧನಾಗಬಲ್ಲ. ಹುಟ್ಟಿನಿಂದ ಬಂದವನು ಏನು ಬಿಟ್ಟರೆ ಶುದ್ಧನಾಗುತ್ತಾನೆ? ಪ್ರವಾಸಿ ಈ ಚಿತ್ರ ನೋಡಿ ಜಪಾನಿನ ಸಂಸ್ಕಾರ ಎಷ್ಟು ಸುಂದರ ಅಂತ ಹೇಳಿ ವಿಮಾನ ಹತ್ತುತ್ತಾನೆ. ಮೈಲಿಗೆಯನ್ನು ಸುಂದರವಾಗಿ ತೋರಿಸಿ ಅದರ ಚರಿತ್ರೆಯನ್ನು ಮುಚ್ಚುವ ಕಲೆಯ ಬಗ್ಗೆ ನಮಗೆ ಎಚ್ಚರ ಬೇಕು.

ಮುಚ್ಚದೆ ಹೇಳಿದ್ದು 'ಸೇತುವೆಯಿಲ್ಲದ ಹೊಳೆ'. ಸುಮಿಯಿ ಸುಯೆ ಎಂಬ ಹೆಂಗಸು 1961ರಿಂದ ಸಂಪುಟದ ಮೇಲೆ ಸಂಪುಟ ಬರೆದ ಕಾದಂಬರಿ. ಅದರಲ್ಲೊಂದು ಪ್ರಸಂಗ ಇದೆ. 1912ರಲ್ಲಿ ಚಕ್ರವರ್ತಿ ಸತ್ತಾಗ ಶಾಲೆಯ ಮಕ್ಕಳನ್ನು ರಾತ್ರಿ ಸಾಲಾಗಿ ನಿಲ್ಲಿಸಿದ್ದಾರೆ. ಕತ್ತಲಲ್ಲಿ ಹುಡುಗಿಯೊಬ್ಬಳು ಬುರಾಕು ಹುಡುಗ ಕೋಜಿಯ ಕೈ ಹಿಡಿಯುತ್ತಾಳೆ. ಹುಡುಗನ ಎದೆ ತುಂಬುತ್ತದೆ. ಆಮೇಲೆ ತಿಳಿಯುತ್ತದೆ, ನಿಮ್ಮ ಜನರ ಕೈ ರಾತ್ರಿ ಹೊತ್ತು ಹಾವಿನಂತೆ ತಣ್ಣಗಾಗುತ್ತದಂತಲ್ಲ, ನಿಜವೋ ಸುಳ್ಳೋ ನೋಡಲು ಹಿಡಿದದ್ದು ಅಂತ. ಇದಕ್ಕಿಂತ ಹೆಚ್ಚು ನಾವೇನು ಹೇಳೋಣ? ತದಾಶಿ ಇಮಾಯ್ ಇದನ್ನು 1969 ಮತ್ತು 1970ರಲ್ಲಿ ಎರಡು ಭಾಗದ ಸಿನಿಮಾ ಮಾಡಿದ. 1992ರಲ್ಲಿ ಯೋಯಿಚಿ ಹಿಗಾಶಿ ಮತ್ತೆ ಮಾಡಿದ. ಇಮಾಯ್ ಎಡಪಂಥದವನು, ಒಳ್ಳೆಯ ಉದ್ದೇಶದವನು. ಆದರೂ ಬುರಾಕು ವಿಮೋಚನಾ ಒಕ್ಕೂಟದವರು ಅವನ ಚಿತ್ರ ನಮ್ಮನ್ನು ಅವಮಾನಿಸುತ್ತದೆ ಅಂತ ಹೇಳಿ ಪ್ರದರ್ಶನಗಳ ಮುಂದೆ ಪ್ರತಿಭಟಿಸಿದರು. ಅವರು ಹೇಳಿದ್ದೆಲ್ಲ ಸರಿಯೋ ಅಲ್ಲವೋ, ಅದು ಬೇರೆ ಚರ್ಚೆ. ತನ್ನ ಬಗ್ಗೆ ತೆಗೆದ ಚಿತ್ರವನ್ನು ಪ್ರಶ್ನಿಸುವ ಹಕ್ಕು ಕೇರಿಗೆ ಇದೆ ಅಂತ ಅವರು ತೋರಿಸಿದರು. ನಮಗೆ ಅಷ್ಟು ಸಾಕು.

ಈಗ ಸಮುದ್ರ ದಾಟಿ ಕೊರಿಯಾಕ್ಕೆ ಬರೋಣ. ನಮ್ಮ ಹಾಸ್ಟೆಲುಗಳಲ್ಲಿ ಹುಡುಗಿಯರು ಕೊರಿಯಾದ ಧಾರಾವಾಹಿಗಳನ್ನು ರಾತ್ರಿಯೆಲ್ಲ ನೋಡುತ್ತಾರೆ. ನೋಡಲಿ. ಆದರೆ ಪಟ್ಟಿಯಲ್ಲಿದ್ದ ಆ ರಾಜವೈದ್ಯೆಯ ಧಾರಾವಾಹಿ, 2003ರಲ್ಲಿ ಶುರುವಾದ 'ದೇ ಜಾಂಗ್ ಗುಮ್', ಹೇಗೆ ಆರಂಭವಾಗುತ್ತದೆ ನೆನಪಿದೆಯಾ? ಅವಳ ಅಪ್ಪ ಸೈನ್ಯದ ಅಧಿಕಾರಿ. ಜೀವ ಉಳಿಸಿಕೊಳ್ಳಲು ಗಂಡಹೆಂಡಿರು ಬೇಕ್ಜೊಂಗ್ ಎಂಬ ಕಟುಕರ ಕೇರಿಯಲ್ಲಿ, ಅವರದೇ ಜನ ಅನ್ನಿಸಿಕೊಂಡು ಅಡಗುತ್ತಾರೆ. ಇಲ್ಲಿಯೂ ಮಗುವಿಗೆ ಒಂದು ಆಣೆ ಇದೆ, ಆದರೆ ತಿರುಗುಮುರುಗು: ನಾವು ಮೇಲಿನವರು ಅಂತ ಹೇಳಬೇಡ. ಮಗು ತಡೆಯಲಾರದೆ, ನನ್ನಪ್ಪ ಬೇಕ್ಜೊಂಗ್ ಅಲ್ಲ ಅಂತ ಕೂಗಿಬಿಡುತ್ತದೆ, ಅಪ್ಪ ಸಿಕ್ಕಿಬೀಳುತ್ತಾನೆ. ಆಮೇಲೆ ಕತೆ ಅರಮನೆಯ ಅಡಿಗೆಮನೆಗೆ ಹೋಗುತ್ತದೆ. ಆಪತ್ತಿನಲ್ಲಿ ಜಾಗ ಕೊಟ್ಟ ಆ ಕೇರಿ ಅಲ್ಲೇ ಹಿಂದೆ ಉಳಿಯುತ್ತದೆ.

ಬೇಕ್ಜೊಂಗ್ ಅನ್ನುವ ಹೆಸರಿಗೂ ಒಂದು ಚರಿತ್ರೆ ಇದೆ. ಮೊದಲು ಅದು ಸಾಧಾರಣ ರೈತರ ಹೆಸರು. 1423ರಲ್ಲಿ ಸೇಜೊಂಗ್ ರಾಜ ಕಟುಕರನ್ನು, ಅಲೆಮಾರಿಗಳನ್ನು ಜನರೊಳಗೆ ಬೆರೆಸಬೇಕು ಅಂತ ಆ ಒಳ್ಳೆಯ ಹೆಸರನ್ನು ಅವರಿಗೂ ಕೊಟ್ಟ. ಆಗಿದ್ದೇನು? ಅವರು ಮೇಲೆ ಬರಲಿಲ್ಲ, ಹೆಸರೇ ಕೆಳಗೆ ಬಂತು. ರೈತರು ಆ ಹೆಸರು ಬಿಟ್ಟರು. ನಮಗೂ ಒಂದು ದೇವರ ಹೆಸರು ಕೊಟ್ಟಿದ್ದರಲ್ಲ, ಅದರ ಗತಿಯೂ ಇದೇ. ಈ ಜನ ಕುದುರೆಗೂದಲಿನ ಟೋಪಿ ಹಾಕುವಂತಿರಲಿಲ್ಲ, ರೇಷ್ಮೆ ಉಡುವಂತಿರಲಿಲ್ಲ, ಹೆಂಚಿನ ಮನೆ ಕಟ್ಟುವಂತಿರಲಿಲ್ಲ. ಚಿಕ್ಕ ಮಕ್ಕಳೂ ಅವರ ಮುದುಕರನ್ನು ಏಕವಚನದಲ್ಲಿ ಕರೆಯುತ್ತಿದ್ದರು. 1894ರ ಸುಧಾರಣೆಯಲ್ಲಿ ಇದೆಲ್ಲ ರದ್ದು ಎಂದು ಘೋಷಿಸಿದರು. ಅದೂ ಕಾಗದ.

ಈ ಜನರನ್ನು ನಾಯಕರನ್ನಾಗಿ ಮಾಡಿದ ಚಿತ್ರಗಳಲ್ಲಿ ಅವರಿಗೆ ಸಿಕ್ಕಿದ್ದೇನು? 2014ರ 'ಕುಂದೊ' ಚಿತ್ರದಲ್ಲಿ ಕಟುಕ ದೊಲ್ಮುಚಿ ಎರಡು ಮಚ್ಚು ಹಿಡಿದು ದರೋಡೆಕೋರರ ಗುಂಪು ಸೇರುತ್ತಾನೆ. 2018ರ 'ಮಿಸ್ಟರ್ ಸನ್‌ಶೈನ್' ಧಾರಾವಾಹಿಯಲ್ಲಿ ಕಟುಕರ ಮಗ ದೊಂಗ್ ಮೇ ಜಪಾನಿಗೆ ಓಡಿಹೋಗಿ, ಅಲ್ಲಿನ ಕತ್ತಿಯವರ ಗುಂಪು ಸೇರಿ, ತನ್ನ ದೇಶಕ್ಕೇ ಭಯ ಹುಟ್ಟಿಸುವವನಾಗಿ ಹಿಂದಿರುಗುತ್ತಾನೆ. 2010ರ 'ಜೇಜುಂಗ್ವೊನ್' ಧಾರಾವಾಹಿಯ ಕಟುಕರ ಮಗ ಮೇಲ್ಜಾತಿಯವನ ಹೆಸರು ತೆಗೆದುಕೊಂಡು, ಹುಟ್ಟು ಮುಚ್ಚಿಟ್ಟು ವೈದ್ಯನಾಗುತ್ತಾನೆ. ಅಂದರೆ ತೆರೆ ನಮ್ಮಂಥವನಿಗೆ ಎರಡೇ ದಾರಿ ಕೊಡುತ್ತದೆ: ಒಂದು ಆಣೆ, ಇನ್ನೊಂದು ಕತ್ತಿ. ಮುಚ್ಚಿಟ್ಟುಕೋ, ಇಲ್ಲವೇ ಕಡಿ.

ನಿಜವಾದ ಚರಿತ್ರೆ ಬೇರೆ ಹೇಳುತ್ತದೆ. 'ಜೇಜುಂಗ್ವೊನ್' ಕತೆಗೆ ಮೂಲವಾದ ಪಾರ್ಕ್ ಸೊ ಯಾಂಗ್ 1908ರಲ್ಲಿ ಸೋಲ್ ನಗರದಲ್ಲಿ ಪದವಿ ಪಡೆದ ಮೊದಲ 7 ಜನ ವೈದ್ಯರಲ್ಲಿ ಒಬ್ಬ. ಅವನು ಯಾರ ಮಗ ಅಂತ ಊರಿಗೆಲ್ಲ ಗೊತ್ತಿತ್ತು. ಅವನ ಅಪ್ಪ ಪಾರ್ಕ್ ಸೊಂಗ್ ಚುನ್ ಎಂಬ ಕಟುಕ 1898ರಲ್ಲಿ, ಮಂತ್ರಿಗಳೂ ಜನರೂ ಸೇರಿದ ಬಹಿರಂಗ ಸಭೆಯಲ್ಲಿ, ತಾನು ಬೇಕ್ಜೊಂಗ್ ಎಂದು ಹೇಳಿಕೊಂಡೇ ದೇಶದ ಬಗ್ಗೆ ಭಾಷಣ ಮಾಡಿದವನು. ಇಂಥ ಅಪ್ಪನ ಮಗನ ಕತೆಯನ್ನು ತೆಗೆದುಕೊಂಡು ಧಾರಾವಾಹಿಯವರು ಗುಟ್ಟಿನ ಕತೆ ಮಾಡಿದರು. ಗುಟ್ಟಿಗೆ ರೋಚಕತೆ ಇದೆ. ಎದ್ದು ನಿಂತು ಮಾತಾಡಿದವನಿಗೆ ಇಲ್ಲ ಅಂತ ಅವರ ಲೆಕ್ಕ ಇರಬೇಕು. ಈ ಅಪ್ಪ ಸೇರಿದ ಚರ್ಚಿನಲ್ಲಿ ಕಟುಕರ ಜೊತೆ ಕೂರಲಾರೆವು ಅಂತ ಮೇಲಿನವರು ಎದ್ದುಹೋಗಿದ್ದರು. 1911ರಲ್ಲಿ ಅವನೇ ಅಲ್ಲಿನ ಹಿರಿಯನಾದ. ಆ ಸುಂಗ್‌ದೊಂಗ್ ಚರ್ಚು ಸೋಲ್‌ನ ಇನ್ಸಾದೊಂಗ್ ಬೀದಿಯ ಹತ್ತಿರ ಇದೆ. ಪ್ರವಾಸಿಗಳೆಲ್ಲ ಆ ಬೀದಿಗೆ ಕಾಗದದ ಬೀಸಣಿಗೆ ಕೊಳ್ಳಲು ಹೋಗುತ್ತಾರೆ.

ಆಣೆಯೂ ಅಲ್ಲದ, ಕತ್ತಿಯೂ ಅಲ್ಲದ ಮೂರನೆಯ ದಾರಿ ಸಂಘಟನೆ. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಬುರಾಕು ಜನ ಸೇರಿ ಸುಯಿಹೇಶಾ ಕಟ್ಟಿದರು. ನೀರಿನ ಮಟ್ಟ ಎಂದು ಆ ಹೆಸರು. ನೀರು ಎಲ್ಲಿ ನಿಂತರೂ ಸಮ ಅಲ್ಲವೆ? ಕಪ್ಪು ಬಾವುಟದ ಮೇಲೆ ಕೆಂಪು ಮುಳ್ಳಿನ ಕಿರೀಟ. ಅವರ ಘೋಷಣಾಪತ್ರ ತಮಗಿಟ್ಟ ಬೈಗುಳವನ್ನೇ ಹೆಮ್ಮೆಯಿಂದ ಎತ್ತಿಕೊಂಡಿತು. ಕರುಣೆ ತೋರಿಸಬೇಡಿ ಎಂದಿತು. ಮಾರನೆಯ ವರ್ಷ, 1923ರ ಏಪ್ರಿಲ್‌ನಲ್ಲಿ, ಕೊರಿಯಾದ ಜಿಂಜು ಊರಿನಲ್ಲಿ ಹ್ಯೊಂಗ್‌ಪ್ಯೊಂಗ್‌ಸಾ ಹುಟ್ಟಿತು. ಕಟುಕರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದ್ದೂ ಅದಕ್ಕೆ ಕಿಡಿ. ಹ್ಯೊಂಗ್ ಅಂದರೆ ತಕ್ಕಡಿಯ ದಂಡ. ದಿನವೂ ಮಾಂಸ ತೂಗುವ ತಕ್ಕಡಿಯನ್ನೇ ಅವರು ಸಮಾನತೆಯ ಗುರುತು ಮಾಡಿಕೊಂಡರು. ಯಾವ ಪಂಡಿತನ ಕೈಯಲ್ಲೂ ಇಂಥ ಹೆಸರು ಹುಟ್ಟುತ್ತಿರಲಿಲ್ಲ. ಕಸುಬು ಗೊತ್ತಿದ್ದವರ ಕೈಯಲ್ಲಿ ಹುಟ್ಟಿತು. ಆಗ ಕೊರಿಯಾ ಜಪಾನಿನ ವಸಾಹತು. ಆಳುವ ದೇಶದ ಅಸ್ಪೃಶ್ಯರೂ ಆಳಿಸಿಕೊಂಡ ದೇಶದ ಅಸ್ಪೃಶ್ಯರೂ ಒಬ್ಬರಿಗೊಬ್ಬರು ಸಂದೇಶ ಕಳಿಸಿದರು, ಪ್ರತಿನಿಧಿಗಳನ್ನು ಕಳಿಸಿದರು. 1924ರಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮೂರು ದೇಶ, ಮೂರು ವರ್ಷ.

ಈ ಎರಡು ದೇಶಗಳ ಗಾಯ ಒಂದೇ ಕಡೆ ಕಾಣುವ ಚಿತ್ರ ಒಂದಿದೆ: ತತ್ಸುಯಾ ಮೋರಿಯ 'ಫುಕುದಾ ಹಳ್ಳಿಯ ಘಟನೆ', 2023ರದು. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಸೀಮೆಯಲ್ಲಿ ಭೂಕಂಪವಾಯಿತು. ಕೊರಿಯಾದವರು ಬಾವಿಗೆ ವಿಷ ಹಾಕಿದರು ಎಂಬ ಸುಳ್ಳು ಹಬ್ಬಿ ಜನ ಕೊರಿಯನ್ನರನ್ನು ಹುಡುಕಿ ಕೊಂದರು. ಸೆಪ್ಟೆಂಬರ್ 6ರಂದು ಚಿಬಾ ಸೀಮೆಯ ಫುಕುದಾ ಹಳ್ಳಿಯಲ್ಲಿ, ದೂರದ ಕಗಾವದಿಂದ ಬಂದ 15 ಜನ ಔಷಧಿ ಮಾರುವವರ ಗುಂಪು ಸಿಕ್ಕಿತು. ಅವರ ಮಾತಿನ ಧಾಟಿ ಬೇರೆ ಇತ್ತು. ಇವರು ಕೊರಿಯನ್ನರೇ ಅಂತ 9 ಜನರನ್ನು ಕೊಂದರು. ಸತ್ತವರಲ್ಲಿ ಬಸುರಿ ಹೆಂಗಸಿದ್ದಳು, ಮಕ್ಕಳಿದ್ದವು. ಅವರು ಬುರಾಕು ಜನ. ಶಿಕ್ಷೆಯಾದವರು ಕೆಲವೇ ವರ್ಷಗಳಲ್ಲಿ ಕ್ಷಮಾದಾನದಲ್ಲಿ ಹೊರಬಂದರು. ಚಿತ್ರದಲ್ಲಿ ಊರವರು, ಇವರು ಜಪಾನೀಯರೋ ಕೊರಿಯನ್ನರೋ ಅಂತ ವಾದ ಮಾಡುತ್ತಿರುವಾಗ ಗುಂಪಿನ ಮುಖಂಡ ಕೇಳುತ್ತಾನೆ, ಕೊರಿಯನ್ನರಾಗಿದ್ದರೆ ಕೊಲ್ಲಬಹುದೇ ಅಂತ. ನಾನು ಅವನಲ್ಲ, ನನ್ನನ್ನು ಬಿಡಿ ಎನ್ನುವುದು ಸುಲಭ. ಅವನನ್ನೂ ಯಾಕೆ ಕೊಲ್ಲುತ್ತೀರಿ ಎನ್ನುವುದು ಕಷ್ಟ. ನಮ್ಮಲ್ಲೂ ಎಡ ಬಲ ಅಂತ, ಮೇಲೆ ಕೆಳಗೆ ಅಂತ ಬಡಿದಾಡುವವರು ಈ ಒಂದು ದೃಶ್ಯವನ್ನಾದರೂ ನೋಡಬೇಕು.

ಹಾಗಾದರೆ ಗೆಳೆಯ ಎಲ್ಲಿಗೆ ಹೋಗಬೇಕು? ಓಸಾಕದಲ್ಲಿ 1985ರಲ್ಲಿ ಶುರುವಾದ ಮಾನವ ಹಕ್ಕುಗಳ ವಸ್ತುಸಂಗ್ರಹಾಲಯ ಇತ್ತು. ನಗರಾಡಳಿತ ಸಹಾಯಧನ ನಿಲ್ಲಿಸಿತು, ಜಾಗ ಬಿಡಿ ಎಂದು ಕೋರ್ಟಿಗೆ ಹೋಯಿತು, 2020ರಲ್ಲಿ ಬಾಗಿಲು ಮುಚ್ಚಿತು. ನಾರಾ ಸೀಮೆಯ ಗೋಸೆ ಊರಿನಲ್ಲಿ ಸುಯಿಹೇಶಾ ವಸ್ತುಸಂಗ್ರಹಾಲಯ ಇದೆ. ಕಟ್ಟಿದವರ ಹುಟ್ಟೂರು ಅದು. ಜನ ನಾರಾಕ್ಕೆ ಜಿಂಕೆ ನೋಡಲು, ದೊಡ್ಡ ಬುದ್ಧನನ್ನು ನೋಡಲು ಹೋಗುತ್ತಾರೆ. ಒಂದು ದಿನ ಹೆಚ್ಚು ಉಳಿದರೆ ಸಾಕು. ಜಿಂಜುವಿಗೆ ಜನ ಕೋಟೆ ನೋಡಲು, ಅಕ್ಟೋಬರಿನ ದೀಪದ ಹಬ್ಬ ನೋಡಲು ಹೋಗುತ್ತಾರೆ. ಅದೇ ಊರಿನಲ್ಲಿ ತಕ್ಕಡಿ ಚಳವಳಿಯ ಸ್ಮಾರಕ ಇದೆ.

ಆದರೆ ಕ್ಯಾಮರಾ ಹಿಡಿದು ಬುರಾಕು ಎಲ್ಲಿದೆ ಅಂತ ಹುಡುಕುತ್ತಾ ಹೋಗಬೇಡ ಅಂತ ನಾವು ಅವನಿಗೆ ಹೇಳಿದ್ದೇವೆ. 1975ರಲ್ಲಿ ಅಲ್ಲಿ ಒಂದು ಹಗರಣ ಬಯಲಾಯಿತು. ಬುರಾಕುಗಳ ಹೆಸರು, ವಿಳಾಸ ಎಲ್ಲ ಅಚ್ಚು ಹಾಕಿಸಿ ಕಂಪನಿಗಳಿಗೆ ಗುಟ್ಟಾಗಿ ಮಾರುತ್ತಿದ್ದರು, ಆ ವಿಳಾಸದವರಿಗೆ ಕೆಲಸ ಕೊಡದಿರಲು. ವಿಳಾಸವೇ ಜಾತಿಯಾದ ದೇಶದಲ್ಲಿ ಕೇರಿಯ ಫೋಟೊ ತೆಗೆಯುವುದು ಆ ಪಟ್ಟಿಗೆ ಮತ್ತೊಂದು ಹಾಳೆ ಸೇರಿಸಿದ ಹಾಗೆ. ಅವರೇ ತೆರೆದ ಬಾಗಿಲಿನಿಂದ ಒಳಗೆ ಹೋಗಬೇಕು. ಅವರೊಂದಿಗೆ ನಮ್ಮ ನಂಟು ಹೊಸದೇನಲ್ಲ. ಬುರಾಕು ಜನರ ಮುಂದಾಳತ್ವದಲ್ಲಿ 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆಯೊಂದು ದಲಿತರ ಪ್ರಶ್ನೆಯನ್ನೂ ಎತ್ತಿಕೊಂಡಿತು. 2001ರ ಡರ್ಬನ್ ಸಮ್ಮೇಳನದಲ್ಲಿ ಇಬ್ಬರೂ ಒಟ್ಟಿಗೆ ದನಿ ಎತ್ತಿದರು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮಗೆ ಒಂದು ಮಾತು. ಉಶಿಮಾತ್ಸು ನಿಮ್ಮವನು. ಹಾಸ್ಟೆಲಿನಲ್ಲೋ ಶಾಲೆಯ ಗೋಡೆಯ ಮೇಲೋ ಆ ಚಿತ್ರವನ್ನು ಮಕ್ಕಳಿಗೆ ತೋರಿಸಿ. ಮೇಷ್ಟ್ರು ಯಾಕೆ ಮೊಣಕಾಲೂರಬೇಕಿತ್ತು ಅಂತ ಕೇಳಿ. ಮಕ್ಕಳು ಹೇಳುವ ಉತ್ತರ ನಮ್ಮ ವಿಮರ್ಶೆಗಿಂತ ಚೆನ್ನಾಗಿರುತ್ತದೆ.

ಹೊರಡುವ ಹಿಂದಿನ ರಾತ್ರಿ ಗೆಳೆಯ ಮತ್ತೊಂದು ಪ್ರಶ್ನೆ ಕೇಳಿದ. 'ಅಲ್ಲೂ ನಮ್ಮ ಕನ್ನಡದೋರು ಇರ್ತಾರೆ. ಹಬ್ಬಕ್ಕೆ ಕರೀತಾರೆ. ಊಟಕ್ಕೆ ಕೂತಾಗ ನೀವ್ ಯಾವ ಜನ ಅಂದ್ರೆ ಏನ್ ಹೇಳ್ಲಿ?' ಹೇಳು ಅಂತ ಇಲ್ಲಿ ಕೂತು ಆಜ್ಞೆ ಮಾಡುವುದು ಸುಲಭ. ಅಲ್ಲಿ ಒಂಟಿಯಾಗಿ ಊಟಕ್ಕೆ ಕೂರುವವನು ಅವನು. ನಾವು ಸುಮ್ಮನಿದ್ದೆವು. ಅವನೇ ಚೀಲದ ಬಾಯಿ ಕಟ್ಟುತ್ತಾ, 'ಮೊದಲು ಆ ರೂಮಿನ ಓನರ್‌ಗೆ ಹೇಳಿಬಿಟ್ಟು ಹೋಗ್ತೀನಿ. ಎರಡು ವರ್ಷದ ಸಾಲ ಅದು' ಅಂದ.

ಬೆಳಿಗ್ಗೆ ಹೋಗಿ ಹೇಳಿದ. ನಿಂತುಕೊಂಡೇ ಹೇಳಿದ. ಕ್ಷಮೆ ಕೇಳಲಿಲ್ಲ.